ಹುಚ್ಚವ್ವ ಹೆಬ್ಬೆಟ್ಟು ಒತ್ತಲಿಲ್ಲ

ಕುಳಗೇರಿ ಕ್ರಾಸಿನ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಮೂಡಲಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಬೇವಿನ ಮರದ ಕೆಳಗೆ ನಿಂತ ಬಿಳಿ ಕಾರಿನ ಬಾನೆಟ್ಟನ್ನು ಡ್ರೈವರ್ ಮಲಕಪ್ಪ ಎತ್ತಿ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಆನಿಸಿ ನಿಲ್ಲಿಸಲು ಕಬ್ಬಿಣದ ಸಲಾಕೆ ಅಲ್ಲೇ ಇದೆ, ಆದರೂ ಅವನು ಕೈಯಲ್ಲೇ ಹಿಡಿಯುತ್ತಾನೆ. ಅವನ ಹೆಂಡತಿ ಹುಚ್ಚವ್ವ ತಂಬಿಗೆಯಿಂದ ರೇಡಿಯೇಟರಿಗೆ ನೀರು ಸುರಿಯುತ್ತಾಳೆ, ಸೆರಗನ್ನು ಟೊಂಕಕ್ಕೆ ಸಿಕ್ಕಿಸುತ್ತಾಳೆ, ಚೀಲದಿಂದ ಒಂದು ಹಿಡಿ ಭಂಡಾರ ತೆಗೆಯುತ್ತಾಳೆ. ಬೀರಪ್ಪನ ಒಕ್ಕಲಿನವರು ದೇವರಿಗೆ ಹಾರಿಸುವ ಅರಿಶಿಣದ ಪುಡಿಗೆ ಭಂಡಾರ ಎನ್ನುತ್ತಾರೆ. ಅದನ್ನು ಹಚ್ಚದೆ ಅವರ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ, ಕುರಿ ಹಟ್ಟಿ ಬಿಡುವುದಿಲ್ಲ. "ಕಾಯೋ ನಮ್ಮಪ್ಪ" ಎನ್ನುತ್ತ ಆಕೆ ಆ ಹಿಡಿಯನ್ನು ಎಂಜಿನ್ನಿನ ಮೇಲೆ ಧಾರಾಳವಾಗಿ ಹಾರಿಸುತ್ತಾಳೆ. ಮಲಕಪ್ಪನ ಮೀಸೆಗೂ ಒಂದಿಷ್ಟು ಬೀಳುತ್ತದೆ.

ಬಾನೆಟ್ಟು ಮುಚ್ಚಿದ್ದೇ ತಡ, ಕೂಗು ಶುರು. "ಬದಾಮಿ, ಬದಾಮಿ, ಬದಾಮೀ! ಬರ್ರಿ ಮಾಸ್ತರ, ಮುಂದ ಜಾಗಾ ಐತಿ. ಏ ಶಾರವ್ವ, ಮಸರಿನ ಗಡಗಿ ತೊಡಿ ಮ್ಯಾಲೆ ಇಟಗೋ, ಡಿಕ್ಕ್ಯಾಗ ಇಟ್ರ ಬದಾಮಿ ಮುಟ್ಟೂದ್ರಾಗ ಬೆಣ್ಣಿ ಆಗತೈತಿ!" ಐದು ಮಂದಿಗೆಂದು ಮಾಡಿದ ಕಾರಿನಲ್ಲಿ ಒಂಬತ್ತು ಮಂದಿಯನ್ನು ಕೂಡಿಸುವ ವಿದ್ಯೆ ಈ ಕ್ರಾಸಿನಲ್ಲಿ ಹುಚ್ಚವ್ವನಿಗೆ ಮಾತ್ರ ಸಿದ್ಧಿಸಿದೆ. ಒಬ್ಬರು ಮುಂದೆ ಬಾಗಬೇಕು, ಇನ್ನೊಬ್ಬರು ಹಿಂದೆ ಆನಬೇಕು. ದಪ್ಪಗಿದ್ದವರು ನಡುವೆ ಕೂಡುವಂತಿಲ್ಲ. ಪೊಲೀಸರು ಕೇಳಿದರೆ ಎಲ್ಲರೂ ಒಂದೇ ಮನೆಯವರು, ಕೂಸಿಗೆ ಹೆಸರಿಡಲು ಹೊರಟಿದ್ದಾರೆ. ಆ ಕೂಸಿಗೆ ಈ ನಾಲ್ಕು ವರ್ಷಗಳಲ್ಲಿ ಸಾವಿರ ಸಲವಾದರೂ ಹೆಸರಿಟ್ಟಿರಬೇಕು.

ಕಾರು ಹೊರಟರೆ ಹುಚ್ಚವ್ವ ಕ್ರಾಸಿನಲ್ಲೇ ಉಳಿಯುತ್ತಾಳೆ, ಮುಂದಿನ ಒಂಬತ್ತು ಮಂದಿಯನ್ನು ಹಿಡಿದಿಡಲು. ದಿನಕ್ಕೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬರಬೇಕು. ಒಂದು ದಿಕ್ಕಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಸಂಜೆ ಸೀಟು ಒರೆಸುವುದು, ಗಾಲಿಯ ಗಾಳಿ ನೋಡುವುದು, ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿಯುವುದು ಎಲ್ಲವೂ ಆಕೆಯದೇ ಕೆಲಸ. ಅಕ್ಷರ ಬಾರದ ಈ ಹೆಂಗಸು ಮೀಟರಿನ ಅಂಕಿಯನ್ನು ಮಾತ್ರ ತಪ್ಪದೆ ಓದುತ್ತಾಳೆ. ಈ 1987ರ ಚಳಿಗಾಲಕ್ಕೆ ಅದು ಒಂದೂ ಮುಕ್ಕಾಲು ಲಕ್ಷ ದಾಟಿದೆ. ಅಷ್ಟು ದೂರ ಓಡಿದ ಎಂಜಿನ್ ಏಳು ಸಾವಿರಕ್ಕೇ ಸತ್ತಿತ್ತು ಎಂದರೆ ಹೊಸಬರು ನಂಬುವುದಿಲ್ಲ. ಕೊಂದವಳು ನೀನೇ ಎಂದು ಒಂದು ದೊಡ್ಡ ಅಂಗಡಿಯವರು ಇದೇ ಹುಚ್ಚವ್ವನಿಗೆ ಹೇಳಿದ್ದರು.

ಆಕೆ ಹುಟ್ಟಿದ್ದು ಹುನಗುಂದದ ಕಡೆಯ ಕುರಿಗಾರರ ಮನೆಯಲ್ಲಿ. ಲಗ್ನವಾಗಿ ಬಂದದ್ದು ಕುಳಗೇರಿ ಸೀಮೆಗೆ. ಗಂಡ ಮಲಕಪ್ಪ ಹದಿನೆಂಟು ವರ್ಷ ಬೇರೆಯವರ ಲಾರಿ ಓಡಿಸಿದವನು. ಮಾತು ಕಡಿಮೆ, ಸುಳ್ಳಂತೂ ಬರುವುದೇ ಇಲ್ಲ. ಈ ಎರಡನೆಯ ಗುಣ ಮುಂದೆ ತೊಂದರೆ ಕೊಟ್ಟಿತು. "ಮಂದಿ ಲಾರಿ ತೊಳಿಯೂದ್ರಾಗ ಇವರ ಹರೇ ಹೋತ್ರಿ. ಊರಿಗೆ ಬಂದ್ರ ಎರಡ ದಿನ ನಿದ್ದಿ, ಮತ್ತ ಲಾರಿ. ನಾ ಒಂದಿನ ಕುರಿ ನೋಡಿದೆ, ಇವರ ಮಾರಿ ನೋಡಿದೆ. ಕುರಿ ಕೊಡೂನು ಅಂದೆ," ಎನ್ನುತ್ತಾಳೆ ಹುಚ್ಚವ್ವ. ತವರಿನಿಂದ ಬಳುವಳಿಯಾಗಿ ಬಂದ ಐದು ಕುರಿಗಳನ್ನು ಅರವತ್ತೆರಡು ಮಾಡಿದ್ದಳು. ಅಷ್ಟನ್ನೂ ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋದಳು. ಕಾರಿನ ಬೆಲೆಯಲ್ಲಿ ಉಳಿದದ್ದಕ್ಕೆ ಬ್ಯಾಂಕಿನ ಸಾಲ ಇತ್ತು. ಕಾಗದ ಯಾರ ಹೆಸರಿಗೆ ಎಂದು ಕೇಳಿದಾಗ ಆಕೆ ತಡವರಿಸಲಿಲ್ಲ. "ಕುರಿ ನನ್ನವು. ಕಾರ ಅವರದು ಹೆಂಗ ಆಗತೈತಿ?"

ಹಾಗೆ 1983ರ ಯುಗಾದಿ ಕಳೆದ ವಾರ ಹುಚ್ಚವ್ವನ ಹೆಸರಿನಲ್ಲಿ ಹೊಚ್ಚ ಹೊಸ ಕಾರು ಬಂತು. ಅಂಗಡಿಯಿಂದ ಹೊರಟದ್ದು ನೆಟ್ಟಗೆ ಬೀರಪ್ಪನ ಗುಡಿಗೆ. ಹೊರಗಿನಿಂದ ನಾಲ್ಕು ಬೆರಳು ಭಂಡಾರ ಹಚ್ಚಿದರೆ ಸಾಕು ಎಂದ ಮಲಕಪ್ಪ. ಹುಚ್ಚವ್ವ ಒಪ್ಪಲಿಲ್ಲ. ಕುರಿಗೆ ಹಣೆಯ ಮೇಲೆ, ಕೂಸಿಗೆ ಎದೆಯ ಮೇಲೆ ಭಂಡಾರ ಬೀಳಬೇಕು, ಕಾರಿಗೂ ಹಾಗೇ ಆಗಬೇಕಲ್ಲ. "ಎದಿ ಮುಚ್ಚಿಟ್ಟು ಬೆನ್ನಿಗೆ ಹಚ್ಚಿದ್ರ ದೇವ್ರಿಗೆ ಹೆಂಗ ತಿಳೀತೈತಿ? ತಗೀರಿ ಅದರ ಬಾಯಿ," ಎಂದು ಬಾನೆಟ್ಟು ತೆಗೆಸಿ ಮೂರು ಹಿಡಿ ಹಾರಿಸಿದಳು. ಬ್ಯಾಟರಿ, ವಾಯರು, ಸಂದುಗೊಂದು ಎಲ್ಲ ಹಳದಿಯಾಯಿತು. ನೆರೆದವರು ಬೀರಪ್ಪನ ಹೆಸರು ಕೂಗಿದರು. ತೊಳೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎರಡು ತಿಂಗಳು ಕಾರು ಸುಖವಾಗಿ ಓಡಿತು. ಮೂರನೆಯ ತಿಂಗಳು ಬದಾಮಿಯ ಸನಿಹದ ಏರಿನಲ್ಲಿ ಎಂಜಿನ್ನಿನ ಹೊಟ್ಟೆಯೊಳಗಿಂದ ಕಟ ಕಟ ಸದ್ದು ಬಂತು, ಹಿಂದಿನಿಂದ ನೀಲಿ ಹೊಗೆ ಬಂತು, ಆಮೇಲೆ ಏನೂ ಬರಲಿಲ್ಲ. ಗ್ಯಾರಂಟಿ ಆರು ತಿಂಗಳಿನದು ಇಲ್ಲವೇ ಹತ್ತು ಸಾವಿರ ಕಿಲೋಮೀಟರಿನದು. ಎರಡಕ್ಕೂ ಇನ್ನೂ ಪುರಸೊತ್ತಿತ್ತು. ಗಂಡ ಹೆಂಡತಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಕಾರು ಎಳೆಸಿಕೊಂಡು ಬಾಗಲಕೋಟೆಗೆ ಹೋದರು. ಕಾರು ಕೊಂಡಿದ್ದ ಸ್ಟೇಷನ್ ರಸ್ತೆಯ ಆ ಅಂಗಡಿಯ ಹೆಸರು ಇಲ್ಲಿ ಬರೆದಿಲ್ಲ. ಬರೆಯಬೇಡಿರಿ ಎಂದವಳು ಹುಚ್ಚವ್ವನೇ. "ಪುಕ್ಕಟ ಜಾಹೀರಾತ ಯಾಕ ಕೊಡ್ತೀರಿ ಅವರಿಗೆ?"

ವರ್ಕ್‌ಶಾಪಿನವರು ಎಂಜಿನ್ನಿನ ಎಣ್ಣೆ ಇಳಿಸಿದಾಗ ತಳದಲ್ಲಿ ಹಳದಿ ಪುಡಿ ಸಿಕ್ಕಿತು. ಮ್ಯಾನೇಜರ್ ಸಾಹೇಬರು ಬಾನೆಟ್ಟಿನೊಳಗೆ ಇಣುಕಿದರು. ಅಲ್ಲೂ ಸಂದಿನಲ್ಲಿ ಹಳದಿ ಕೂತಿತ್ತು. ಇದೇನು ಎಂದು ಮಲಕಪ್ಪನನ್ನು ಕೇಳಿದರು. ಸುಳ್ಳು ಬಾರದ ಮಲಕಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ನಮ್ಮಾಕಿ ಭಂಡಾರ ಹಾರಿಸ್ಯಾಳ್ರಿ." ಸಾಹೇಬರಿಗೆ ಅಷ್ಟು ಸಾಕಾಯಿತು. ಪುಡಿಯ ಎಣ್ಣೆ ಆರಿಸಿ, ಸಣ್ಣ ಬಾಟಲಿಗೆ ತುಂಬಿಸಿ, ಮೇಜಿನ ಮೇಲೆ ಇಟ್ಟುಕೊಂಡರು. ಒಂದು ಕಾಗದ ಟೈಪ್ ಆಗಿ ಬಂತು. ಮಾಲೀಕಳು ಎಂಜಿನ್ನಿಗೆ ಅರಿಶಿಣದ ಪುಡಿ ಹಾಕಿದ್ದರಿಂದ ಅದು ಕೆಟ್ಟಿದೆ, ಕಂಪನಿಯ ತಪ್ಪೇನೂ ಇಲ್ಲ, ಗ್ಯಾರಂಟಿ ರದ್ದಾಗಿದೆ ಎಂದು ಅದರಲ್ಲಿತ್ತು. ಕೆಳಗೆ ಹುಚ್ಚವ್ವನ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು. ಸಾಹೇಬರು ಬಾಟಲಿ ಅಲ್ಲಾಡಿಸಿ ತೋರಿಸಿದರು. "ನೋಡವ್ವ, ನಿನ್ನ ದೇವ್ರು ಇದರಾಗ ಅದಾನ. ಒತ್ತು."

ಹುಚ್ಚವ್ವ ಬಾಟಲಿ ನೋಡಿದಳು. ಹಳದಿ ಹೌದು, ಪುಡಿಯೂ ಹೌದು. ಆದರೆ ಕೈ ಮುಂದೆ ಚಾಚಲಿಲ್ಲ. "ಆಗಿದ್ರ ಆಗಿರಬೇಕು, ಇಲ್ಲಂದ್ರ ಇಲ್ಲ. ನನಗ ತಿಳಿದಿದ್ದಿಲ್ರಿ. ತಿಳೀಲಾರದ್ದಕ್ಕ ಹೆಬ್ಬೆಟ್ಟು ಹೆಂಗ ಒತ್ತಲಿ?" ಎಂದು ಆ ದಿನವನ್ನು ನೆನೆಯುತ್ತಾಳೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಲಕಪ್ಪ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಆಡಿದ: "ನೀ ಅಷ್ಟ ಹಾರಸಬಾರದಿತ್ತು." ಬೇರೆ ಬೈಗುಳವಿಲ್ಲ, ಜಗಳವಿಲ್ಲ. ಕಂಪನಿಯ ಕಾಗದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಮನೆಗೆ ಬಂದವಳು ಭಂಡಾರದ ಚೀಲವನ್ನು ಗೂಟಕ್ಕೆ ನೇತುಹಾಕಿದಳು. "ಕುರಿ ಸತ್ತಾಗೂ ಆ ಚೀಲ ಬಿಚ್ಚಿದಾಕಿ ನಾ. ನಾಕ ತಿಂಗಳ ಮುಟ್ಟಲಿಲ್ಲ. ನನ್ನ ಕೈಯಾಗ ಏನರೆ ಕೆಟ್ಟದ್ದು ಐತೇನೋ ಅಂತ ಅಂಜಿಕಿ. ಮಂದಿ ಕೂಸು ಎತ್ತಾಕೂ ಮನಸ್ಸಾಗಲಿಲ್ರಿ," ಎನ್ನುವಾಗ ಆಕೆಯ ದನಿ ಈಗಲೂ ತಗ್ಗುತ್ತದೆ.

ಮಲಕಪ್ಪ ಮತ್ತೆ ಲಾರಿ ಹತ್ತಿದ. ಹುಚ್ಚವ್ವ ಕಳೆ ಕೀಳಲು ಹೋದಳು. ಆದರೆ ವಾರಕ್ಕೊಂದು ದಿನ ಕೆಲಸ ಬಿಟ್ಟು ಬಾಗಲಕೋಟೆಯ ಬಸ್ಸು ಹಿಡಿಯುತ್ತಿದ್ದಳು. ಗಂಡನನ್ನು ಕರೆದುಕೊಂಡು ಬಾ ಎನ್ನುತ್ತಿದ್ದರು ಅಂಗಡಿಯವರು. ಕಾಗದ ಯಾರ ಹೆಸರಿನಲ್ಲಿದೆ ನೋಡಿರಿ ಎನ್ನುತ್ತಿದ್ದಳು ಈಕೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಿದ್ದರು. ಆಗಲಿ ಎಂದು ಗಾಜಿನ ಬಾಗಿಲಿನ ಪಕ್ಕದಲ್ಲೇ ನೆಲದ ಮೇಲೆ ಕೂತು, ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಅದಕ್ಕೆ ನಂಜಿಕೊಳ್ಳಲು ಹಸಿಮೆಣಸಿನಕಾಯಿ ಹಿಂಡಿಯೂ ಇರುತ್ತಿತ್ತು, ಅಂಗಡಿಯ ತುಂಬ ಘಾಟು. ಹುನಗುಂದ ಕೋರ್ಟಿನ ಒಬ್ಬ ವಕೀಲರು, ಆಕೆಯ ತವರೂರಿನವರು, ಖಟ್ಲೆ ಹಾಕಿದರೆ ತೀರ್ಪು ಬರುವಷ್ಟರಲ್ಲಿ ಕಾರು ತುಕ್ಕು ಹಿಡಿಯುತ್ತದೆ ಎಂದು ಖರೆ ಹೇಳಿ ಕಳಿಸಿದ್ದರು. ಹೀಗಾಗಿ ಬಾಗಿಲೇ ಗತಿಯಾಯಿತು.

ಕಾರು ಕೊಳ್ಳಲು ಬಂದವರು ಆಕೆಯನ್ನು ದಾಟಿಕೊಂಡೇ ಒಳಗೆ ಹೋಗಬೇಕು. ದಾಟುವಾಗ ಯಾಕವ್ವ ಇಲ್ಲಿ ಕೂತಿ ಎಂದು ಕೇಳದ ಮನುಷ್ಯ ಬಾಗಲಕೋಟೆಯಲ್ಲಿ ಹುಟ್ಟಿಲ್ಲ. ಆಕೆ ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು, ಕಟ ಕಟ ಸದ್ದನ್ನೂ ಬಾಯಿಂದ ಮಾಡಿ ತೋರಿಸುತ್ತಿದ್ದಳು. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ಮುಂಗಡ ಕೊಡಲು ಬಂದವರು ಪೂರ್ತಿ ಕಥೆ ಕೇಳಿ, ಸದ್ದನ್ನು ಎರಡು ಸಲ ಮಾಡಿಸಿ, ಚಪ್ಪಲಿ ಮೆಟ್ಟಿ ವಾಪಸ್ಸು ನಡೆದರು. ಅಂದೇ ಸಾಹೇಬರ ಮೀಟಿಂಗು ಮುಗಿಯಿತು. ಅರ್ಧ ರಿಪೇರಿ ಪುಕ್ಕಟೆ ಮಾಡಿಕೊಡುತ್ತೇವೆ, ಉಳಿದರ್ಧ ನೀನು ಭರಿಸು ಎಂದರು. ಆದರೆ ಆ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಬೀಳಲೇಬೇಕು. "ನಿನಗ ಗಾಡಿ ಬೇಕೋ, ಹಟ ಬೇಕೋ?" ಎಂದೂ ಕೇಳಿದರು. ವಿಚಾರ ಮಾಡಿ ಮುಂದಿನ ಸಲ ಹೇಳುತ್ತೇನೆ ಎಂದು ಹುಚ್ಚವ್ವ ಎದ್ದು ಬಂದಳು.

ಸುದ್ದಿ ಕೇಳಿ ಮಲಕಪ್ಪ ಒತ್ತಿಬಿಡು ಎಂದ. ಅವನ ತಪ್ಪೂ ಅಲ್ಲ. ಲಾರಿಯಲ್ಲಿ ಮತ್ತೆ ಬೆನ್ನು ಬಿದ್ದುಹೋಗಿತ್ತು, ಬ್ಯಾಂಕಿನವರು ಸಾಲದ ಕಂತು ಕೇಳತೊಡಗಿದ್ದರು. "ಒತ್ತಿದ್ರ ಗಾಡಿ ಬರತೈತಿ ಖರೆ. ಆದ್ರ ನಾಳಿ ಯಾರ ಮನಿ ತೊಟ್ಟಲಕ್ಕ ನಾ ಭಂಡಾರ ಹಚ್ಚಲಿ? ಇಕಿ ಕೈಲೆ ಕೆಟ್ಟಿದ್ದು ಅಂತ ನಾನ ಬರಕೊಟ್ಟಂಗಲ್ಲ?" ಎಂದು ಆಕೆ ಗಂಡನನ್ನು ಕೇಳಿದಳು.

ಮಹಾನವಮಿ ಬಂತು. ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇ ಪೂಜೆಯ ಮರುದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಹೋದರು. ಅಂದು ಹುಚ್ಚವ್ವ ನಾಲ್ಕು ತಿಂಗಳ ಮೇಲೆ ಭಂಡಾರದ ಚೀಲ ಟೊಂಕಕ್ಕೆ ಸಿಕ್ಕಿಸಿಕೊಂಡಿದ್ದಳು. ಯಾಕೆಂದು ಆಕೆಗೇ ಗೊತ್ತಿರಲಿಲ್ಲ. ಹಬ್ಬವೆಂದು ಇರಬಹುದು. ಒಳಗೆ ಹೆಜ್ಜೆ ಇಟ್ಟವಳಿಗೆ ಸಾಲಾಗಿ ನಿಂತ ಹೊಸ ಕಾರುಗಳು ಕಂಡವು. ಒಂದೊಂದರ ಮೂತಿಗೂ ಅಂಗಡಿಯವರೇ ಅಂಗೈಯಗಲ ಅರಿಶಿಣ ಬಳಿದಿದ್ದರು, ಮೇಲೆ ಕುಂಕುಮ. "ನಿಮ್ಮ ಅರಿಶಿಣ ಭಾಳ ಶಾಣ್ಯಾ ಐತಿ ಬಿಡ್ರಿ ಸಾಹೇಬ್ರ, ಎಂಜಿನ್ನಿಗೆ ಇಳಿಯೂದಿಲ್ಲ," ಎಂದಳು. ಗಿರಾಕಿಗಳು ನಕ್ಕರು. ಸಾಹೇಬರು ನಗಲಿಲ್ಲ. ಕಾಗದವನ್ನೂ ಶಾಯಿಯ ಪ್ಯಾಡನ್ನೂ ಮೇಜಿನ ಮೇಲೆ ತಳ್ಳಿದರು.

ಹುಚ್ಚವ್ವ ಆಗಷ್ಟೇ ಎಲೆ ಹಾಕಿಕೊಂಡಿದ್ದಳು. ಹೆಬ್ಬೆರಳಿನ ತುದಿಗೆ ಸುಣ್ಣ ಅಂಟಿತ್ತು. "ಏ ಹುಚ್ಚವ್ವ, ಸುಣ್ಣಾ ಒರಸ್ಕೊ ಮೊದಲ, ಶಾಯಿ ಹತ್ತೂದಿಲ್ಲ," ಎಂದು ಸಾಹೇಬರು ಗದರಿದರು. ಆಕೆ ಬೆರಳು ನೋಡಿಕೊಂಡಳು. ಮೇಜಿನ ಮೇಲಿನ ಬಾಟಲಿ ನೋಡಿದಳು. ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂಬುದು ಆರತಿಯ ನೀರು ಕಲೆಸಿದ ಯಾವ ಹೆಣ್ಣಿಗೆ ಗೊತ್ತಿಲ್ಲ? ನಾಲ್ಕು ತಿಂಗಳು ಆ ಬಾಟಲಿ ಕಣ್ಣೆದುರಿಗಿದ್ದರೂ ಅಂಜಿಕೆ ಆಕೆಯ ತಲೆಗೆ ಇಷ್ಟನ್ನು ಹೊಳೆಯಗೊಟ್ಟಿರಲಿಲ್ಲ. "ಒತ್ತಬೇಕಲ್ಲ? ಒತ್ತತೇನಿ, ತಡೀರಿ," ಎಂದು ಬಾಟಲಿಯ ಮುಚ್ಚಳ ತೆಗೆದು, ಆ ಕಾಗದದ ಮೇಲೆಯೇ ಒಂದಿಷ್ಟು ಪುಡಿ ಸುರಿದಳು. ಸುಣ್ಣದ ಹೆಬ್ಬೆರಳನ್ನು ಅದರ ಮೇಲಿಟ್ಟು ಚೆನ್ನಾಗಿ ತಿಕ್ಕಿದಳು. ಪುಡಿ ಹಳದಿಯಾಗಿಯೇ ಉಳಿಯಿತು. ಟೊಂಕದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಪಕ್ಕದಲ್ಲಿ ಹಾಕಿ, ಎಲೆಯಡಿಕೆ ಸಂಚಿಯಿಂದ ಮತ್ತಷ್ಟು ಸುಣ್ಣ ತೆಗೆದುಕೊಂಡು ಅದನ್ನೂ ತಿಕ್ಕಿದಳು. ಅದು ನೋಡನೋಡುತ್ತ ರಕ್ತಗೆಂಪಾಯಿತು.

"ಇದು ನನ್ನ ಭಂಡಾರ," ಎಂದು ಕೆಂಪು ಗುರುತಿನ ಮೇಲೆ ಬೆರಳಿಟ್ಟಳು. "ಇದು ನಿಮ್ಮದು ಏನೈತಿ, ನೀವ ಹೇಳ್ರಿ."

ಇದೇನು ಲ್ಯಾಬೊರೇಟರಿಯೇ, ಎಲೆಯಡಿಕೆ ಸಂಚಿ ತಂದು ಎಂಜಿನ್ ಪರೀಕ್ಷೆ ಮಾಡುತ್ತಾರೆಯೇ ಎಂದು ಸಾಹೇಬರು ದನಿ ಏರಿಸಿದರು. ಆಗ ವರ್ಕ್‌ಶಾಪಿನ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದ ಹಿರಿಯ ಮಿಸ್ತ್ರಿ ಶಾಬುದ್ದೀನ ಒಳಗೆ ಬಂದರು. ಹಳದಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು, ಗಾಜಿನ ಬಾಗಿಲಿನ ಬಿಸಿಲಿಗೆ ಹಿಡಿದರು. ಅದು ಮಿಣಮಿಣ ಹೊಳೆಯಿತು. "ಹಿತ್ತಾಳಿ ಐತ್ರಿ ಸಾಹೇಬ್ರ. ಒಳಗಿನ ಬುಷ್ ಸವದು ಪುಡಿ ಆಗೇತಿ. ಬುಷ್ ಅಂದ್ರ ಬಳಿ ಇದ್ದಂಗ್ರಿ, ಅಳತಿ ತಪ್ಪಿ ಕುಂತ್ರ ಹಿಂಗ ಉದುರತೈತಿ. ಅವತ್ತ ನಾ ಹೇಳಿದ್ದೆ, ನೀವ ಕೇಳಲಿಲ್ಲ." ಹನ್ನೊಂದು ವರ್ಷ ಆ ಅಂಗಡಿಯಲ್ಲಿ ದುಡಿದಿದ್ದ ಮನುಷ್ಯ. ಗಿರಾಕಿಗಳೆದುರು ಹಾಗೆ ಹೇಳಿದರೆ ಏನಾಗುತ್ತದೆಂದು ತಿಳಿದೇ ಹೇಳಿದರು.

ಮಲಕಪ್ಪ ಅಲ್ಲಿಯವರೆಗೆ ಗೋಡೆಗೆ ಆನಿ ನಿಂತಿದ್ದ. ಹೆಂಡತಿಯ ಮುಖ ನೋಡಲಾಗದೆ ಹೊರಗೆ ಹೋಗಿ, ಧೂಳು ಹಿಡಿದು ನಿಂತ ತಮ್ಮ ಕಾರಿನ ಗಾಜನ್ನು ತಲೆಗೆ ಸುತ್ತಿದ ಪಟಕದ ತುದಿಯಿಂದ ಒರೆಸುತ್ತ ನಿಂತ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಅಂದೂ ಬರಲಿಲ್ಲ, ಇಂದಿನವರೆಗೂ ಬಂದಿಲ್ಲ. ಆದರೆ ಕಾರು ರಿಪೇರಿಯಾಗಿ ಬಂದ ಮಾರನೆಯ ಬೆಳಗಿನಿಂದ, ಆಕೆ ಭಂಡಾರ ಹಾರಿಸಿ ಮುಗಿಸುವವರೆಗೆ ಅವನು ಬಾನೆಟ್ಟನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾನೆ. ಸಲಾಕೆ ಮುಟ್ಟುವುದಿಲ್ಲ.

ಎರಡು ವಾರದ ಮೇಲೆ ಕಂಪನಿಯ ಎಂಜಿನಿಯರ್ ಬಂದರು. ಎಂಜಿನ್ ತನ್ನೆದುರೇ ಬಿಚ್ಚಬೇಕೆಂದು ಹುಚ್ಚವ್ವ ಹಟ ಹಿಡಿದು, ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತಳು. ಶಾಬುದ್ದೀನ ಹೇಳಿದ್ದೇ ಒಳಗೆ ಸಿಕ್ಕಿತು. ಸವೆದದ್ದೆಲ್ಲ ಹೊಸದಾಯಿತು, ಗ್ಯಾರಂಟಿ ಮತ್ತೆ ಜೀವ ಪಡೆಯಿತು. ಸಾಹೇಬರಿಗೆ ಉಳಿದದ್ದು ಒಂದೇ ಚಿಂತೆ, ಹುಚ್ಚವ್ವ ಅಂದೇ ಮೇಜಿನಿಂದ ಎತ್ತಿಕೊಂಡಿದ್ದ ಆ ಕಾಗದ. ವಾಪಸ್ಸು ಕೊಡು, ಹರಿದು ಹಾಕೋಣ ಎಂದರು. "ಹರಿಯಾಕ ನಿಮಗ್ಯಾಕ ತ್ರಾಸು? ಇಷ್ಟು ದಿನ ಒತ್ತು ಒತ್ತು ಅಂದ್ರಿ. ಒತ್ತೀನಿ. ಇನ್ನ ಇದು ನಂದು," ಎಂದು ಮತ್ತೆ ಮಡಚಿ ಭಂಡಾರದ ಚೀಲಕ್ಕೆ ಹಾಕಿಕೊಂಡಳು. ಅದು ಈಗಲೂ ಅಲ್ಲೇ ಇದೆ. ಕೇಳಿದವರಿಗೆ ಬಿಚ್ಚಿ ತೋರಿಸುತ್ತಾಳೆ. ಹಳದಿಯದು ಎಂದೋ ಉದುರಿದೆ, ಕೆಂಪು ಕಂದಾಗಿ ಉಳಿದಿದೆ.

ಶಾಬುದ್ದೀನ ಆ ವರ್ಷವೇ ಕೆಲಸ ಬಿಡಬೇಕಾಯಿತು. ಈಗ ಇಳಕಲ್ಲಿನಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾರೆ. ಬದಾಮಿಯಲ್ಲಿ ಮಿಸ್ತ್ರಿಗಳಿದ್ದರೂ ಈ ಬಿಳಿ ಕಾರು ಎಣ್ಣೆ ಬದಲಿಸಲು ಅಷ್ಟು ದೂರ ಅಲ್ಲಿಗೇ ಹೋಗುತ್ತದೆ. "ಆ ಅಣ್ಣ ಬಾಯಿ ಬಿಡದಿದ್ರ ನನ್ನ ಸುಣ್ಣಾ ಏನ್ ಮಾಡ್ತಿತ್ರಿ? ನೌಕರಿ ಕಳಕೊಂಡು ಖರೆ ಹೇಳಿದ," ಎನ್ನುತ್ತಾಳೆ ಹುಚ್ಚವ್ವ. ಆ ಋಣದ ಮಾತು ಬಂದಾಗ ಆಕೆಯ ಕಣ್ಣು ತುಂಬುತ್ತವೆ. ತುಂಬಿದ್ದು ಯಾರಿಗೂ ಕಾಣಬಾರದೆಂದು ಬದಾಮಿ ಬದಾಮಿ ಎಂದು ಜೋರಾಗಿ ಕೂಗತೊಡಗುತ್ತಾಳೆ.

ಈ ನಡುವೆ ಆಕೆಗೆ ಇನ್ನೊಂದು ಕೆಲಸ ತಾನಾಗಿ ಅಂಟಿಕೊಂಡಿದೆ. ಹುನಗುಂದದಲ್ಲಿ ಒಬ್ಬರ ನೀರೆತ್ತುವ ಪಂಪು ಗ್ಯಾರಂಟಿಯೊಳಗೇ ಕೆಟ್ಟಿತು, ಅಂಗಡಿಯವ ನಿಮ್ಮ ಬಾವಿಯ ನೀರೇ ಸರಿಯಿಲ್ಲ ಎಂದ. ಹುಚ್ಚವ್ವ ಹೋಗಿ ಬಾಗಿಲಲ್ಲಿ ರೊಟ್ಟಿ ಬಿಚ್ಚಿದಳು. ಎರಡನೆಯ ದಿನ ಪಂಪು ಬದಲಾಯಿತು. ಇಳಕಲ್ಲಿನ ನೇಕಾರ್ತಿ ಹಜರತಬಿಯ ಹೊಲಿಗೆ ಯಂತ್ರಕ್ಕೆ ಅರ್ಧ ದಿನವೇ ಸಾಕಾಯಿತು. ಈಗ ಕೆಲವರು ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗಲೇ, ಹೆಚ್ಚುಕಡಿಮೆಯಾದರೆ ಕುಳಗೇರಿ ಹುಚ್ಚವ್ವನನ್ನು ಕರೆತರುತ್ತೇವೆ ಎಂದು ಹೇಳಿಡುತ್ತಾರಂತೆ. ಇದಕ್ಕೆ ಆಕೆ ತೆಗೆದುಕೊಳ್ಳುವುದು ಬಸ್ಸಿನ ಟಿಕೇಟು ಮತ್ತು ಒಂದು ಕಟ್ಟು ಎಲೆ. ಎಲೆ ಎಳಸಾಗಿರಬೇಕು.

ಹತ್ತು ಗಂಟೆಯ ಹೊತ್ತಿಗೆ ಕಾರು ಎರಡನೆಯ ಸಲ ಬದಾಮಿಯಿಂದ ಬರುತ್ತದೆ. ಮಲಕಪ್ಪ ಇಳಿದು ಚಹಾ ಕುಡಿಯುತ್ತಾನೆ, ಹುಚ್ಚವ್ವ ಮೀಟರು ನೋಡುತ್ತಾಳೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಮೊದಲು ಏನೂ ಇಲ್ಲ ಎನ್ನುತ್ತಾಳೆ. ಆಮೇಲೆ ನೆನಪಾದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ.

"ಒಂದು ಐತ್ರಿ. ಆ ಮ್ಯಾನೇಜರ್ ಸಾಹೇಬ ಒಮ್ಮೆ ನಮ್ಮ ಗಾಡ್ಯಾಗ ಕುಂತು ಬದಾಮಿಗೆ ಹೋಗಬೇಕು. ಮುಂದಿನ ಸೀಟ ಕೊಡ್ತೇನಿ, ರೊಕ್ಕ ಮುಟ್ಟೂದಿಲ್ಲ. ಹತ್ತೂಕಿಂತ ಮೊದಲ ಬಾನೆಟ್ಟು ಮಾತ್ರ ಅಂವನೇ ಎತ್ತಿ ಹಿಡೀಬೇಕು."